ಕೊನೆಗಳಿಗೆಯ ಬಿಡ್
ಆನ್‌ಲೈನ್ ಹರಾಜು ಮುಗಿಯಲು ಕೆಲವೇ ಸೆಕೆಂಡು ಉಳಿದಾಗ, ಎದುರಾಳಿಗೆ ದರ ಏರಿಸಲು ಬಿಡುವು ಸಿಗದಂತೆ ಬಿಡ್ ಹಾಕುವ ತಂತ್ರ. ಮುಕ್ತಾಯದ ವೇಳೆ ಬದಲಾಗದ ಇ-ಬೇಯಲ್ಲಿ ಇದು ಹೆಚ್ಚು, ಹೊಸ ಬಿಡ್ ಬಂದರೆ ವೇಳೆ ಮುಂದಕ್ಕೆ ಹೋಗುತ್ತಿದ್ದ ಅಮೆಜಾನ್ ಹರಾಜಿನಲ್ಲಿ ಕಡಿಮೆ ಎಂದು ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ 2002ರಲ್ಲಿ ತೋರಿಸಿದರು.

ಉಂಡೆ ಕೊಬ್ಬರಿಗೆ ಹೆಸರಾದ ತಿಪಟೂರು ಎಪಿಎಂಸಿಯಲ್ಲಿ ಮಾತೇ ಬೇರೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಾಲೂ ಬಂದು ಸೇರುವ ಇಲ್ಲಿನ ಇ-ಟೆಂಡರ್‌ನಲ್ಲಿ ವರ್ತಕರು ಲಾಟುವಾರು ಕ್ವಿಂಟಲ್ ದರ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ಹಾಗಾಗಿ ಗಡಿಯಾರ ನೋಡುತ್ತ ಕೂರುವುದರಿಂದ ಲಾಭ ಅಷ್ಟಕ್ಕಷ್ಟೇ, ಎದುರಾಳಿಯ ದರದ ಅಂದಾಜೇ ಮುಖ್ಯ. ನೆಟ್‌ವರ್ಕ್ ಕೈಕೊಟ್ಟರಂತೂ ಕಾದವನಿಗೇ ನಷ್ಟ. ಗೆದ್ದ ದರವೂ ಒಪ್ಪಿಗೆಯಾಗದಿದ್ದರೆ ರೈತ ಮಾರಾಟ ನಿರಾಕರಿಸಬಹುದು.