ಕುಪ್ಪಳಿಯ ‘ಕೆ’

ಶಿವಮೊಗ್ಗದ ಗೋಪಾಳದ ಸೈಬರ್ ಸೆಂಟರುಗಳಲ್ಲಿ ಪಾಸ್‌ಪೋರ್ಟ್ ಅರ್ಜಿ ತುಂಬಿಸುವಾಗ ‘ನಮ್ಮ ಕಡೆ ಸರ್‌ನೇಮ್ ಇಲ್ಲ, ಅಪ್ಪನ ಹೆಸರನ್ನೇ ಹಾಕಿ’ ಎನ್ನುವುದು ಮಾಮೂಲಾಗಿದೆ. ಇಲ್ಲವೆನ್ನುವುದು ತಪ್ಪು. ಮಲೆನಾಡಿನವರ ಮನೆತನದ ಹೆಸರು ಇನಿಷಿಯಲ್ಲಿನ ಒಂದಕ್ಷರದಲ್ಲಿ ಮುದುಡಿ ಕೂತಿದೆ, ಅಷ್ಟೆ. ಕೆ.ವಿ. ಪುಟ್ಟಪ್ಪ ಎಂದರೆ ಕುಪ್ಪಳಿಯ ವೆಂಕಟಪ್ಪನವರ ಮಗ. ಅವರ ಮಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ಅಪ್ಪನ ಹೆಸರಿನೊಂದಿಗೆ ಎರಡನೆಯ ಅಕ್ಷರ ಬದಲಾಯಿತು, ‘ಕೆ’ ಕದಲಲಿಲ್ಲ. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಕುಂಟಗೋಡು ವಿಭೂತಿ ಸುಬ್ಬಣ್ಣನವರ ಮಗ ಕೆ.ವಿ. ಅಕ್ಷರ, ಅಲ್ಲಂತೂ ಎರಡಕ್ಷರವೂ ಹಾಗೇ ಉಳಿದವು. ತಲೆಮಾರು ದಾಟಿಯೂ ನಿಲ್ಲುವ ಹೆಸರನ್ನು ಮನೆತನದ್ದು ಎನ್ನದೆ ಇನ್ನೇನೆನ್ನಬೇಕು?

ಅದು ಬರೀ ಊರಿನ ಹೆಸರಲ್ಲವೇ ಎಂದು ಕೇಳಬಹುದು. ಬಯಲುಸೀಮೆಯ ಊರೆಂದರೆ ಒತ್ತೊತ್ತಾದ ಕೇರಿಗಳು. ತೀರ್ಥಹಳ್ಳಿ ಸೀಮೆಯಲ್ಲಿ ಗದ್ದೆ, ತೋಟ, ಕಾಡಿನ ನಡುವೆ ಒಂದೋ ಎರಡೋ ಮನೆ. ಎಷ್ಟೋ ಕಡೆ ಊರಿನ ಹೆಸರೂ ಮನೆಯ ಹೆಸರೂ ಒಂದೇ. ಅದು ಮನುಷ್ಯನಿಗೆ ಅಂಟಿಕೊಳ್ಳುವುದು ಅವನು ಅಲ್ಲಿಂದ ಹೊರಟಾಗ ಎಂಬುದು ನನ್ನ ಗಟ್ಟಿ ನಂಬಿಕೆ. ಕಡಿದಾಳಿನಲ್ಲೇ ಇದ್ದವನನ್ನು ಯಾರೂ ಕಡಿದಾಳು ಎಂದು ಕರೆಯಬೇಕಾಗಿಲ್ಲ. ಪೇಟೆಗೆ ಬಂದಾಗಲೇ ‘ಯಾವ ಮಂಜಪ್ಪ?’ ಎಂಬ ಪ್ರಶ್ನೆ ಏಳುವುದು. 1956ರಲ್ಲಿ ಮುಖ್ಯಮಂತ್ರಿಯಾದ ಕಡಿದಾಳ್ ಮಂಜಪ್ಪ, ರೈತಸಂಘದ ಕಡಿದಾಳ್ ಶಾಮಣ್ಣ ಇಬ್ಬರ ಹೆಸರಲ್ಲೂ ಒಂದು ಸಣ್ಣ ಹಳ್ಳಿ ನಾಡೆಲ್ಲ ಸುತ್ತಿತು. ಶಾಂತವೇರಿ ಇರುವುದು ತರೀಕೆರೆ ಕಡೆ. ಶಾಂತವೇರಿ ಗೋಪಾಲಗೌಡರ ನಂಟು ತೀರ್ಥಹಳ್ಳಿಯ ಆರಗದ್ದು. ಶಿಕಾರಿಪುರದ ಯಡಿಯೂರಪ್ಪನವರ ‘ಬಿ’ಯಲ್ಲಿ ಮಂಡ್ಯ ಜಿಲ್ಲೆಯ ಬೂಕನಕೆರೆ ಇದೆ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಬಂದವರ ಇನಿಷಿಯಲ್ಲುಗಳನ್ನು ಬಿಡಿಸಿ ಓದಿದರೆ ವಲಸೆಯ ನಕ್ಷೆಯೇ ಸಿಕ್ಕೀತು.

ಜಿಲ್ಲೆಯೆಲ್ಲ ಹೀಗೇ ಎಂದು ಹೇಳುತ್ತಿಲ್ಲ. ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪನವರ ‘ಜಿ’ ಗುಗ್ಗರಿ. ಬೇಯಿಸಿದ ಕಾಳು ಮನೆತನದ ಹೆಸರಾಗುವುದು ಧಾರವಾಡದ ಕಡೆಯ ಬೆಲ್ಲದ, ಮೆಣಸಿನಕಾಯಿಗಳ ರೀತಿ. ಶಿಕಾರಿಪುರಕ್ಕೆ ಹಾವೇರಿ ನೆರೆ, ತೀರ್ಥಹಳ್ಳಿಗೆ ಘಟ್ಟ ನೆರೆ. ಅಡ್ಡಹೆಸರು ಜಾತಿ ಸಾರುತ್ತದೆ, ಹೋಗಲಿ ಬಿಡಿ ಎನ್ನುವವರ ಮಾತಿಗೆ ತೂಕವಿದೆ. ಆದರೆ ಭಟ್ಟ, ಹೆಗಡೆ, ಗೌಡ ಹೇಳುವುದನ್ನು ಕುಪ್ಪಳಿ ಹೇಳುವುದಿಲ್ಲ, ಎಂ.ಕೆ. ಇಂದಿರಾ ಅವರ ಮಂಡಗದ್ದೆಯೂ ಹೇಳುವುದಿಲ್ಲ. ಅವು ನೆಲವನ್ನಷ್ಟೇ ಹೇಳುತ್ತವೆ. ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿದರೆ ಅಣ್ಣನ ಮಕ್ಕಳದೊಂದು, ತಮ್ಮನ ಮಕ್ಕಳದಿನ್ನೊಂದು ಮನೆತನವಾಗಿ, ಒಂದೇ ತಲೆಮಾರಿಗೆ ದಾಯಾದಿಗಳ ಗುರುತೇ ತಪ್ಪುತ್ತದೆ. ಮಗುವನ್ನು ಶಾಲೆಗೆ ಸೇರಿಸುವ ದಿನವೇ ಆ ಮೊದಲ ಅಕ್ಷರವನ್ನು ಪೂರ್ತಿ ಬಿಡಿಸಿ ಬರೆಸಿ.