ಶೋಕಿ ಎಂಬ ಹಂಬಲ

ಯಲಬುರ್ಗಾದಿಂದ ಕೊಪ್ಪಳಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಕಾಲೇಜು ಹುಡುಗಿಯರದೇ ರಾಜ್ಯ. ಕುಕನೂರು ದಾಟುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೊನ್ನೆ ನನ್ನ ಮುಂದಿನ ಸೀಟಿನಲ್ಲಿ ಒಬ್ಬಳು ಗೆಳತಿಯ ಅಂಗೈ ಹಿಡಿದುಕೊಂಡು ನೀಲಿ ಬಾಲ್‌ಪೆನ್ನಿನಲ್ಲಿ ಬಳ್ಳಿ ಬಿಡಿಸುತ್ತಿದ್ದಳು. ಬಸ್ಸು ತಗ್ಗಿಗೆ ಇಳಿಯುವ ಮೊದಲೇ ಪೆನ್ನು ಎತ್ತುವಳು, ರಸ್ತೆ ಸಮವಾದೊಡನೆ ಬಿಟ್ಟಲ್ಲಿಂದ ಹಿಡಿಯುವಳು. ದಿನವೂ ಅದೇ ದಾರಿ. ಯಾವ ತಗ್ಗು ಎಲ್ಲಿದೆಯೆಂದು ಕೈಗೇ ಗೊತ್ತು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನತ್ತ ತಿರುಗಿ, "ಕಾಲೇಜಿಗೆ ಹೊಂಟಾವೋ ಶೋಕಿ ಮಾಡಾಕ ಹೊಂಟಾವೋ ನೋಡ್ರಿ" ಅಂದರು. ಹುಡುಗಿ ತಲೆ ಎತ್ತಲಿಲ್ಲ. ಕೈ ಮಾತ್ರ ಒಂದು ಗಳಿಗೆ ನಿಂತಿತು.

ಅಂದಿನಿಂದ ಈ ಪದದ ಬೆನ್ನು ಹತ್ತಿದ್ದೇನೆ.

ಶೋಕಿಯ ಬೇರು ಅರಬ್ಬಿಯ ಶೌಕ್. ಅಲ್ಲಿ ಅದಕ್ಕೆ ಹಂಬಲ ಎಂಬ ಅರ್ಥ. ಕೈಗೆಟುಕದ್ದರ ಕಡೆಗೆ ಜೀವ ಜಗ್ಗುವುದು. 1111ರಲ್ಲಿ ತೀರಿಕೊಂಡ ದಾರ್ಶನಿಕ ಅಲ್ ಗಝಾಲಿ ತನ್ನ ದೊಡ್ಡ ಗ್ರಂಥದಲ್ಲಿ ಪ್ರೀತಿಯ ಜೊತೆಗೇ ಶೌಕ್‌ಗೆ ಒಂದು ಭಾಗವನ್ನು ಮೀಸಲಿಟ್ಟ. ಅದು ದೇವರಿಗಾಗಿ ಪಡುವ ಹಂಬಲ. ಪರ್ಷಿಯನ್ನಿನ ಹಾದಿಯಲ್ಲಿ ಉರ್ದುವಿಗೆ ಬಂದಾಗ ಶೌಕ್ ಕೊಂಚ ನೆಲಕ್ಕಿಳಿದು ಒಲವು, ಹವ್ಯಾಸ ಎಂದಾಯಿತು. ಶೌಕೀನ್ ಅಂದರೆ ರುಚಿ ಬಲ್ಲವನು. ಕೊಪ್ಪಳ ಸೀಮೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಕಚೇರಿಯ ಮಾತು ಉರ್ದುವಿನಲ್ಲೇ ನಡೆಯುತ್ತಿತ್ತು. ಇಂದಿಗೂ ನಮ್ಮವರು ದವಾಖಾನಿಗೇ ಹೋಗುತ್ತಾರೆ. ಕನ್ನಡ ನಾಡಿನ ಎಲ್ಲೆಡೆ ಶೋಕಿ ಇದೆ, ನಿಜ. ಆದರೆ ಅದರ ಹಳೆಯ ಅರ್ಥ ಕಿವಿಗೆ ಬೀಳುವಷ್ಟು ಹತ್ತಿರ ಇದ್ದದ್ದು ನಮ್ಮ ಕಡೆ. ಆದರೂ ಅದು ನಮ್ಮ ಬಾಯಲ್ಲಿ ಆಡಂಬರವಾಯಿತು. ಇಂಗ್ಲಿಷಿನ ‘ಶೋ’ ಇದರ ಮೂಲವೆಂದು ನಂಬಿದವರು ಬಹಳ ಮಂದಿ, ಆ ನಂಬಿಕೆಯೇ ಅರ್ಥವನ್ನು ತೋರಿಕೆಯ ಕಡೆಗೆ ತಳ್ಳಿರಬೇಕೆಂದು ನನ್ನ ಊಹೆ. ನಿಘಂಟಿನಲ್ಲಿ ಪಕ್ಕದಲ್ಲೇ ಕೂತ ಸಂಸ್ಕೃತದ ಶೋಕಕ್ಕೂ ಇದಕ್ಕೂ ಬಳಗ ಸಂಬಂಧವಿಲ್ಲ.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಅದು ಗಂಡಸರ ಹತ್ತಿರ ಉಳಿದಿದೆ. ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಕೋಡಣಸು ಸಿಕ್ಕಿಸಿ, ಮೈಮೇಲೆ ಜೂಲ ಹೊದಿಸಿ ಓಡಿಸುವವನನ್ನು ಊರು "ಎತ್ತಿನ ಶೋಕಿ ಭಾಳ ಐತಿ ಅವಗ" ಎಂದು ಹೇಳುತ್ತದೆ. ಟಗರು ಸಾಕಿದವನದೂ ಶೋಕಿ, ಟ್ರ್ಯಾಕ್ಟರಿಗೆ ಆಳೆತ್ತರದ ಸ್ಪೀಕರ್ ಕಟ್ಟಿದವನದೂ ಶೋಕಿ. ಆ ಮಾತಿನಲ್ಲಿ ಮೆಚ್ಚುಗೆ ಇರುತ್ತದೆ. ಅವನ ಖರ್ಚನ್ನು ಬೈಯುವವರೂ ಅವನ ತಿಳಿವಳಿಕೆಗೆ ತಲೆದೂಗುತ್ತಾರೆ. ಅದೇ ಪದ ಹದಿನಾರರ ಹುಡುಗಿಯ ತಲೆಯ ಮೇಲೆ ಬಂದು ಕೂತಾಗ ಮಾತ್ರ ಆರೋಪವಾಗುತ್ತದೆ.

ಕುಷ್ಟಗಿಯ ಟೇಲರ್ ಅಂಗಡಿಯಲ್ಲಿ ಒಮ್ಮೆ ಕಾಯುತ್ತಾ ಕೂತಿದ್ದೆ. ಅಲ್ಲಿಂದ ಇಳಕಲ್ಲಿಗೆ ದೂರವಿಲ್ಲ, ಮನೆಮನೆಯ ಟ್ರಂಕಿನಲ್ಲೂ ಒಂದು ಹಳೆಯ ಇಳಕಲ್ ಸೀರೆ ಇದ್ದೇ ಇರುತ್ತದೆ. ಪಿಯುಸಿ ಓದುವ ಹುಡುಗಿಯೊಬ್ಬಳು ಅಜ್ಜಿಯ ಸೀರೆ ತಂದು ಉದ್ದನೆಯ ಫ್ರಾಕ್ ಹೊಲಿಸುತ್ತಿದ್ದಳು. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ನೇಯುವ ಮೊದಲೇ ಕೊಂಡಿ ಹಾಕಿ ಜೋಡಿಸುತ್ತಾರೆ; ಒಡಲು ಹತ್ತಿ, ಸೆರಗು ರೇಷ್ಮೆ. ಆ ಹುಡುಗಿ ಕೊಂಡಿಯ ಗೆರೆಯ ಮೇಲೆ ಬೆರಳಿಟ್ಟು, "ಅಣ್ಣಾರ, ಇಲ್ಲಿ ಕತ್ತರಿ ಇಡಬ್ಯಾಡ್ರಿ, ಬಿಚ್ಚಿಕೊಂಡು ಹೋಗತೈತಿ. ಇದು ನಡದ ಮ್ಯಾಲ ಬರಲಿ" ಅಂದಳು. ಟೇಲರ್ ತುಸು ಹೊತ್ತು ಬಟ್ಟೆ ನೋಡಿ, ಟೇಪು ತಿರುಗಿಸಿ ಹಿಡಿದ. ಕುಪ್ಪಸಕ್ಕಷ್ಟೇ ಮೀಸಲಾಗಿದ್ದ ಗುಳೇದಗುಡ್ಡದ ಖಣ ಇಂದು ಫ್ರಾಕು, ಲಂಗ, ಕೈಚೀಲವಾಗಿ ಓಡಾಡುತ್ತಿರುವುದು ಇಂಥ ಹುಡುಗಿಯರ ಮೈಮೇಲೆ. ಭಾಷಣದಲ್ಲಿ ನಾವು ಪರಂಪರೆಯ ಉಳಿವು ಅನ್ನುತ್ತೇವೆ. ಅವಳು ಉಟ್ಟು ಕನ್ನಡಿ ಮುಂದೆ ನಿಂತರೆ ಶೋಕಿ ಅನ್ನುತ್ತೇವೆ.

ಗಂಗಾವತಿಯಲ್ಲಿ ನನ್ನ ಅಕ್ಕನ ಮಗಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕೊರಿಯಾದ ಅಕ್ಷರ ತಿದ್ದುತ್ತಾಳೆ. ಬಿಟಿಎಸ್ ಹುಡುಗರ ಹಾಡಿನ ಹುಚ್ಚು. ಮನೆಯವರೆಲ್ಲ ನಕ್ಕರು, ನಾನೂ ನಕ್ಕಿದ್ದೆ, ಆ ಲಿಪಿಯ ಕಥೆ ಓದುವ ತನಕ. ಕೊರಿಯಾದ ದೊರೆ ಸೇಜೋಂಗ್ 1446ರಲ್ಲಿ ಹಂಗುಲ್ ಲಿಪಿಯನ್ನು ಜನರಿಗೆ ಕೊಟ್ಟಾಗ ಚೀನೀ ಅಕ್ಷರ ಬಲ್ಲ ಪಂಡಿತರು ಅದನ್ನು ಮೂಸಿ ನೋಡಲಿಲ್ಲ. ಅದಕ್ಕೆ ಹೆಂಗಸರ ಅಕ್ಷರ ಎಂಬ ಹೀಗಳಿಕೆಯ ಹೆಸರೂ ಅಂಟಿತು. ಹೆಂಗಸರು ಅದರಲ್ಲೇ ಓಲೆ ಬರೆದರು, ಕಥೆ ಓದಿದರು, ಜೋಪಾನ ಮಾಡಿದರು. ಇಂದು ಅದು ಇಡೀ ದೇಶದ ಲಿಪಿ.

ಮಾತಿನ ವಿಷಯದಲ್ಲಿ ಇದು ಕೊರಿಯಾದ್ದೊಂದೇ ಕಥೆಯಲ್ಲ. 1417ರಿಂದ 1681ರವರೆಗಿನ ಸಾವಿರಾರು ಇಂಗ್ಲಿಷ್ ಪತ್ರಗಳನ್ನು ಫಿನ್‌ಲೆಂಡಿನ ಇಬ್ಬರು ವಿದುಷಿಯರು, ತೆರ್ತ್ತು ನೆವಲೈನೆನ್ ಮತ್ತು ಹೆಲೆನಾ ರೌಮೊಲಿನ್ ಬ್ರುನ್‌ಬೆರ್ಗ್, ಶೋಧಿಸಿ ನೋಡಿದರು. ಅವರು ಹಿಂಬಾಲಿಸಿದ 14 ಬದಲಾವಣೆಗಳಲ್ಲಿ 11ರಲ್ಲಿ ಹೆಂಗಸರೇ ಮುಂದಿದ್ದರು. ನಮ್ಮ ಕಡೆ ‘ಲೇ’ ಗಂಡುಮಕ್ಕಳಿಗೆ, ‘ಬೇ’ ಹೆಣ್ಣುಮಕ್ಕಳಿಗೆ ಎಂಬ ಗಡಿ ಇತ್ತು. ಆ ಬಸ್ಸಿನ ಹುಡುಗಿಯರು ಒಬ್ಬರನ್ನೊಬ್ಬರು ‘ಬಾರಲೇ’ ಅನ್ನುತ್ತಿದ್ದರು. ಗಡಿ ಯಾವಾಗ ಅಳಿಸಿತೋ, ಯಾರೂ ಠರಾವು ಪಾಸು ಮಾಡಿರಲಿಲ್ಲ.

ಕೂದಲು ಬಿಟ್ಟುಕೊಂಡು ಓಡಾಡುವುದೂ ನಮ್ಮಲ್ಲಿ ಶೋಕಿಯೇ. ಆದರೆ ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ಬದುಕುತ್ತಿರುವುದು ಕೂದಲಿನ ಮೇಲೆ. ಬಾಚಣಿಕೆಗೆ ಬಂದ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿಟ್ಟು, ಪಿನ್ನು ಪಾತ್ರೆಗಳಿಗೆ ಬದಲು ಕೊಟ್ಟದ್ದು ಅಲ್ಲಿಗೆ ಬರುತ್ತದೆ. ಹೆಂಗಸರು ಸಿಕ್ಕು ಬಿಡಿಸಿ, ಉದ್ದ ನೋಡಿ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಅದು ವಿಗ್ಗಾಗಲು ಚೀನಾದವರೆಗೆ ಹೋಗುತ್ತದೆ. ಎಲ್ಲಿಯದೋ ದೇಶದ ಹುಡುಗಿಯ ಶೋಕಿಗೆ ನಮ್ಮವರ ಬೆರಳು ಸವೆಯಬಹುದು, ಆಗ ಅದು ಉದ್ಯೋಗ.

ಇಷ್ಟೆಲ್ಲ ಹೇಳುವುದಕ್ಕೆ ಒಂದು ಭಯವೂ ಕಾರಣ. ಬಾಲ್ಯವಿವಾಹದ ಮಾತು ಬಂದಾಗಲೆಲ್ಲ ಕೊಪ್ಪಳದ ಹೆಸರು ಬರುತ್ತದೆ. ಅಂಥ ಮದುವೆಯ ಮಾತುಕತೆ ಎಷ್ಟೋ ಸಲ ಶುರುವಾಗುವುದು ಈ ಪದದಿಂದಲೇ: "ಹುಡುಗಿ ಶೋಕಿ ಕಲತಾಳ, ಲಗೂನ ಲಗ್ನ ಮಾಡಿಬಿಡ್ರಿ." ಒಂದು ಟಿಕಳಿಯ ಬಣ್ಣ, ಒಂದು ರೀಲ್ಸ್, ಸಡಿಲ ಬಿಟ್ಟ ಒಂದು ಜಡಿ ಸಾಕು, ಓದು ನಿಲ್ಲಿಸಲು ಸಾಕ್ಷಿಯಾಗುತ್ತದೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಕೊಪ್ಪಳದ ಹಳ್ಳಿಗಳಲ್ಲಿ ‘ಸ್ಫೂರ್ತಿ’ ಯೋಜನೆ ನಡೆಸಿದಾಗ ಆಯಾ ಊರಿನ ಹುಡುಗಿಯರನ್ನೇ ಆರಿಸಿ, ಉಳಿದ ಹುಡುಗಿಯರಿಗೆ ಮಾದರಿಯಾಗುವಂತೆ ತಯಾರು ಮಾಡಿತು. ಹುಡುಗಿಯ ಮಾತನ್ನು ಹುಡುಗಿಯೇ ಮೊದಲು ಕೇಳುತ್ತಾಳೆಂಬುದು ಅವರಿಗೆ ಗೊತ್ತಿತ್ತು.

ನಮ್ಮ ಆಯಿಗೆ ಎಂಬತ್ತು ದಾಟಿದೆ. ಬಸ್ಸಿನ ಕಥೆ ಹೇಳಿ, "ನಿಮ್ಮ ಕಾಲಕ್ಕ ಏನ್ ಶೋಕಿ ಇತ್ತಬೇ ಆಯಿ?" ಎಂದು ಕೇಳಿದೆ. ಆಯಿ ನಕ್ಕಳು. ಆಷಾಢದ ಮಂಗಳವಾರ ಬಂದರೆ ಗುಳ್ಳವ್ವನದೇ ಹುಚ್ಚಂತೆ. ಕೆರೆಯ ಮಣ್ಣು ತಂದು, ಕಲಸಿ, ಕೂರಿಸಿ, ಕುಸುಬಿಯಿಂದ ಸಿಂಗರಿಸಿ, ಯಾರ ಗುಳ್ಳವ್ವ ಚೆಂದವೆಂದು ಓಣಿಯ ಹುಡುಗಿಯರಲ್ಲಿ ಜಿದ್ದು. ಎಲ್ಲ ಮುಗಿದ ಮೇಲೆ ಗುಲಗಂಜಿ ಸಿಕ್ಕಿಸುತ್ತಿದ್ದಿರೇನೋ ಅಂದೆ. ಆಯಿಗೆ ಸಿಟ್ಟೇ ಬಂತು.

"ಕಡೀಕ ಚುಚ್ಚಿದ್ರ ನಿಲ್ಲಂಗಿಲ್ಲೋ. ಮಣ್ಣು ಹಸಿ ಇದ್ದಾಗ ಒತ್ತಬೇಕು. ಕರಿ ಮಗ್ಗಲ ಹೊರಗ ಬರಬೇಕು, ಕಣ್ಣು ಅದು."