ಮಾತು ಕೇಳಿಸದು, ಚೆಂಡೆ ಕಿವಿಗಡಚಿಕ್ಕುವುದು: ರೆಕಾರ್ಡಿಂಗ್‌ ವಾಲ್ಯೂಮ್ ಸರಿಪಡಿಸುವುದು ಹೇಗೆ?

ನವದೆಹಲಿ: ಆರ್.ಕೆ.ಪುರಂನಲ್ಲಿರುವ ದೆಹಲಿ ಕರ್ನಾಟಕ ಸಂಘ 1948ರಲ್ಲಿ ಸ್ಥಾಪನೆಯಾಯಿತು. ಉಪನ್ಯಾಸ, ನಾಟಕ, ಯಕ್ಷಗಾನ ನಡೆಯುವ ಇಂಥ ಸಭಾಂಗಣಗಳಲ್ಲಿ ಪ್ರೇಕ್ಷಕರ ಸಾಲಿನಿಂದ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದರೆ ಸಾಮಾನ್ಯವಾಗಿ ಎದುರಾಗುವ ಸಮಸ್ಯೆ ಒಂದೇ. ಮಾತು ಕ್ಷೀಣವಾಗಿರುತ್ತದೆ, ಚೆಂಡೆ, ಚಪ್ಪಾಳೆ ಮಾತ್ರ ಜೋರಾಗಿರುತ್ತವೆ. ಆದ ಕಾರ್ಯಕ್ರಮ ಮತ್ತೆ ಸಿಗದು. ಹಾಗಾಗಿ ಮೂಲ ಫೈಲ್ ಅನ್ನು ಹಾಗೇ ಉಳಿಸಿಕೊಂಡು, ಅದರ ಪ್ರತಿಯಲ್ಲಷ್ಟೇ ಬದಲಾವಣೆ ಮಾಡಬೇಕು.

ಆಂಪ್ಲಿಫೈ ಏಕೆ ಸಾಲದು?

ಉಚಿತ ಸಾಫ್ಟ್‌ವೇರ್ ಅಡಾಸಿಟಿಯ ಎಫೆಕ್ಟ್ ಮೆನುವಿನಲ್ಲಿ ಆಂಪ್ಲಿಫೈ, ನಾರ್ಮಲೈಸ್ ಎಂಬ ಆಯ್ಕೆಗಳಿವೆ. ಇವೆರಡೂ ಅತಿ ಜೋರಾದ ಕ್ಷಣವನ್ನು ನೋಡಿ, ಇಡೀ ಆಡಿಯೊವನ್ನು ಒಂದೇ ಪ್ರಮಾಣದಲ್ಲಿ ಏರಿಸುತ್ತವೆ. ಡಿಜಿಟಲ್ ಆಡಿಯೊದ ಗರಿಷ್ಠ ಮಿತಿ 0 ಡೆಸಿಬಲ್. ಒಂದು ಚೆಂಡೆ ಪೆಟ್ಟು ಈಗಾಗಲೇ ಮೈನಸ್ 1ಕ್ಕೆ ತಲುಪಿದ್ದರೆ, ಉಳಿದ ಮಾತನ್ನು 1 ಡೆಸಿಬಲ್‌ಗಿಂತ ಹೆಚ್ಚು ಏರಿಸಲಾಗದು. ಮಿತಿ ಮೀರಿದರೆ ಧ್ವನಿತರಂಗದ ತುದಿ ಕತ್ತರಿಸಿ ಹೋಗಿ ಶಬ್ದ ಒಡೆಯುತ್ತದೆ. ಇದೇ ಕ್ಲಿಪ್ಪಿಂಗ್.

ಸರಿಯಾದ ಕ್ರಮ

ಮೊದಲು ಎನ್ವಲಪ್ ಟೂಲ್ ಬಳಸಿ ಚಪ್ಪಾಳೆ, ಮೈಕ್ ತಟ್ಟಿದ ಸದ್ದು ಮುಂತಾದ ಜೋರಾದ ಭಾಗಗಳನ್ನಷ್ಟೇ ತಗ್ಗಿಸಿ.

ನಂತರ ಕಂಪ್ರೆಸರ್ ಬಳಸಿ. ಇದು ನಿಗದಿತ ಮಟ್ಟ ಮೀರಿದ ಶಬ್ದವನ್ನು ಕುಗ್ಗಿಸುತ್ತದೆ. ಅನುಪಾತ 3:1 ಇಟ್ಟರೆ, ಮಟ್ಟಕ್ಕಿಂತ 6 ಡೆಸಿಬಲ್ ಮೇಲಿದ್ದ ಶಬ್ದ 2 ಡೆಸಿಬಲ್‌ಗೆ ಇಳಿಯುತ್ತದೆ. ಮಾತಿಗೂ ವಾದ್ಯಕ್ಕೂ ಇರುವ ಅಂತರ ಹೀಗೆ ಕಡಿಮೆಯಾಗುತ್ತದೆ. ಆದರೆ ಅತಿಯಾದರೆ ಯಕ್ಷಗಾನದ ಏರಿಳಿತವೇ ಸತ್ತುಹೋಗುತ್ತದೆ.

ಕೊನೆಯದು ಲೌಡ್‌ನೆಸ್ ನಾರ್ಮಲೈಸೇಷನ್. ಇದು ಜೋರಾದ ಒಂದು ಕ್ಷಣವನ್ನಲ್ಲ, ಕಿವಿಗೆ ಒಟ್ಟಾರೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದನ್ನು ಅಳೆಯುತ್ತದೆ. ಇದರ ಮಾನ ಎಲ್‌ಯುಎಫ್‌ಎಸ್. ಯುರೋಪಿನ ಪ್ರಸಾರ ಮಾನದಂಡ ಮೈನಸ್ 23. ಯೂಟ್ಯೂಬ್ ಸಾಮಾನ್ಯವಾಗಿ ಮೈನಸ್ 14ಕ್ಕಿಂತ ಜೋರಾದ ಆಡಿಯೊವನ್ನು ತಾನೇ ತಗ್ಗಿಸುತ್ತದೆ. ಹಾಗಾಗಿ ಅದಕ್ಕಿಂತ ಜೋರು ಮಾಡಿ ಪ್ರಯೋಜನವಿಲ್ಲ. ಈ ಹಂತದ ಬಳಿಕ ಲಿಮಿಟರ್ ಬಳಸಿ, ಗರಿಷ್ಠ ಮಟ್ಟ ಮೈನಸ್ 1 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ.

ಗಮನಿಸಿ

ಮಾತನ್ನು ಏರಿಸಿದಷ್ಟೂ ಫ್ಯಾನ್, ಎಸಿ ಸದ್ದೂ ಏರುತ್ತದೆ. ಅದು ಹೆಚ್ಚಿದ್ದರೆ ಕಂಪ್ರೆಸರ್‌ಗೆ ಮೊದಲೇ ನಾಯ್ಸ್ ರಿಡಕ್ಷನ್ ಅನ್ನು ಮಿತವಾಗಿ ಬಳಸಬಹುದು.

ರೆಕಾರ್ಡಿಂಗ್ ವೇಳೆಯಲ್ಲೇ ಎಚ್ಚರ ವಹಿಸುವುದು ಎಲ್ಲಕ್ಕಿಂತ ಉತ್ತಮ. ಮಟ್ಟ ನೋಡಿಕೊಳ್ಳಲು ಅವಕಾಶವಿರುವ ಸಾಧನದಲ್ಲಿ ಅತಿ ಜೋರಾದ ಸದ್ದು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ. ಕ್ಷೀಣವಾದ ಧ್ವನಿಯನ್ನು ಬಹುಮಟ್ಟಿಗೆ ಮೇಲೆತ್ತಬಹುದು. ರೆಕಾರ್ಡಿಂಗ್‌ನಲ್ಲೇ ಒಡೆದ ಧ್ವನಿಯನ್ನು ಪೂರ್ತಿಯಾಗಿ ಮರಳಿ ಪಡೆಯಲಾಗದು.